ಹೊಗೆ ಪರೀಕ್ಷೆಯಲ್ಲಿ ಬಿದ್ದ ಕಾರು

ಹಳೇ ಕಾರು ವರ್ಷದ ಹೊಗೆ ಪರೀಕ್ಷೆಯಲ್ಲಿ ನಪಾಸಾಯಿತು ಎಂದು ಮೆನ್ನಾ ಬಂದು ಹೇಳಿದಾಗ ಅವಳ ಗಂಡ ಇದ್ವಾಲ್ ಕಿಟಕಿಯಿಂದ ಮುಖ ಕೂಡ ತಿರುಗಿಸಲಿಲ್ಲ. ಮೂತ್ರಪಿಂಡ ಕೈಕೊಟ್ಟ ಮೇಲೆ ಅವನು ಹಾಗೇ ಆಗಿಬಿಟ್ಟಿದ್ದ. ವಾರಕ್ಕೆ ಮೂರು ಸಲ ಪೇಟೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಿಬರುವುದು, ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿ ಕೂತು ಎದುರು ಗುಡ್ಡದ ಕುರಿಗಳನ್ನು ನೋಡುವುದು. ವೇಲ್ಸಿನ ಆ ಕಣಿವೆಯ ಅಂಕುಡೊಂಕು ರಸ್ತೆಗಳಲ್ಲಿ ಶಾಲೆ ಬಸ್ಸು ಓಡಿಸಿ, ಅದು ಕೆಟ್ಟು ನಿಂತರೆ ತಾನೇ ಕೆಳಗೆ ನುಸುಳಿ ರಿಪೇರಿ ಮಾಡುತ್ತಿದ್ದ ಮನುಷ್ಯನಿಗೆ ಈಗ ನೀರಿನ ಬಕೆಟ್ ಎತ್ತಿದರೂ ಏದುಸಿರು.

ನಪಾಸಾದ ಕಾರನ್ನು ಮರುತಪಾಸಣೆಗೆ ಬಿಟ್ಟರೆ ಬೇರಾವುದಕ್ಕೂ ರಸ್ತೆಗಿಳಿಸುವಂತಿಲ್ಲ. ಪಕ್ಕದ ಕುರಿ ಫಾರ್ಮಿನ ಗ್ಲೆನಿಸ್ ಯಾರೂ ಕೇಳದೆಯೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯಲು ತನ್ನ ವ್ಯಾನು ತಂದು ನಿಲ್ಲಿಸಿದಳು. ಒಳಗೆಲ್ಲ ಒದ್ದೆ ನಾಯಿಯ ವಾಸನೆ.

"ನಿನ್ನ ಕೆಲಸ ಎಲ್ಲ ಬಿಟ್ಟು ಬರ್ತೀಯಲ್ಲೇ, ಈ ಋಣ ಹೇಗೆ ತೀರಿಸ್ಲಿ?" ಅಂದಳು ಮೆನ್ನಾ.

"ಬಾಯ್ಮುಚ್ಕೊಂಡು ಕೂತ್ಕೊಂಡು ತೀರಿಸು. ಇನ್ನೊಂದು ಸಲ ಈ ಮಾತೆತ್ತಿದ್ರೆ ಹಿಂದೆ ನಾಯಿ ಜೊತೆ ಕೂರಿಸ್ತೀನಿ" ಅಂದಳು ಗ್ಲೆನಿಸ್.

ಆದರೂ ಎಷ್ಟು ದಿನ ಅಂತ ಇನ್ನೊಬ್ಬರಿಗೆ ತೊಂದರೆ ಕೊಡುವುದು? ಕಾರಿನ ಹೊಗೆಯಲ್ಲಿ ವಿಷಾನಿಲ ಜಾಸ್ತಿ, ಬಹುಶಃ ಹೊಗೆ ಪೈಪಿನಲ್ಲಿ ಗಾಳಿ ಅಳೆಯುವ ಸೆನ್ಸರ್ ಹೋಗಿರಬೇಕು ಎಂದಿದ್ದರು ತಪಾಸಣೆಯವರು. ಜನರ ಮನೆಗಳಿಗೆ ಪರದೆ ಹೊಲಿದುಕೊಟ್ಟು ಪಳಗಿದ ಕೈ ತನ್ನದು, ಒಂದು ಸೆನ್ಸರ್ ಬಿಚ್ಚಲಾರೆನೇ ಎಂದುಕೊಂಡು ಒಂದು ಬೆಳಿಗ್ಗೆ ಮೆನ್ನಾ ಸ್ಪಾನರ್ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದಳು.

ಕಿಟಕಿಯ ಗಾಜು ಟಕಟಕ ಸದ್ದು ಮಾಡಿತು. ನೋಡಿದರೆ ಇದ್ವಾಲ್ ಎದ್ದು ನಿಂತಿದ್ದಾನೆ! ಸ್ವಲ್ಪ ಹೊತ್ತಿಗೆ ಕೋಟು ಹೊದ್ದು, ಗೋಡೆ ಹಿಡಿದುಕೊಂಡು ಅಂಗಳಕ್ಕೇ ಬಂದ.

"ಏನೇ ಮಾಡ್ತಿದ್ದೀಯ? ಅದನ್ಯಾಕೆ ಬಿಚ್ತೀಯ?"

"ಸೆನ್ಸರ್ ಕೆಟ್ಟಿದೆಯಂತಲ್ಲ."

"ಅವರಂದ್ರು, ನೀನು ನಂಬಿದೆ. ಮೊದ್ಲು ಎಂಜಿನ್ ಸ್ಟಾರ್ಟ್ ಮಾಡು."

ಅವಳು ಮಾಡಿದಳು. ಇದ್ವಾಲ್ ಕಣ್ಣು ಮುಚ್ಚಿ ತಲೆ ಓರೆ ಮಾಡಿ ನಿಂತ.

"ಟಿಕ್ ಟಿಕ್ ಅನ್ನೋದು ಕೇಳಿಸ್ತಾ? ಹೊಗೆ ಪೈಪು ಎಲ್ಲೋ ಸೋರ್ತಿದೆ ಕಣೇ. ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗುತ್ತೆ. ಗಾಳಿ ನೋಡಿ ಸೆನ್ಸರ್ ಪಾಪ, ಪೆಟ್ರೋಲು ಸಾಲದು ಅಂದ್ಕೊಳ್ಳುತ್ತೆ. ಎಂಜಿನ್ನು ಇನ್ನಷ್ಟು ಪೆಟ್ರೋಲು ಸುರಿಯುತ್ತೆ. ಹೊಗೆ ಕೆಡದೆ ಇನ್ನೇನಾಗುತ್ತೆ?"

ಎಂಜಿನ್ ಆರಿಸಿ, ಎಲ್ಲ ತಣ್ಣಗಾಗುವವರೆಗೆ ಕಾದರು. ಆಮೇಲೆ ಅವನು ಹೇಳುತ್ತ ಹೋದ, ಅವಳು ಮಾಡುತ್ತ ಹೋದಳು. ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕಲಸಿ, ಎಂಜಿನ್ನಿನಿಂದ ಇಳಿದು ಬರುವ ಪೈಪಿನ ಜೋಡಣೆಗೆಲ್ಲ ಕುಂಚದಿಂದ ಬಳಿದಳು. ಮತ್ತೆ ಸ್ಟಾರ್ಟ್ ಮಾಡಿ, ಹಿಂದೆ ಹೊಗೆ ಬರುವ ಬಾಯಿಗೆ ದಪ್ಪ ಬಟ್ಟೆಯ ಮುದ್ದೆಯನ್ನು ಒಂದೆರಡು ಕ್ಷಣ ಒತ್ತಿ ಹಿಡಿದಳು.

"ಸಿಕ್ತು! ಸಿಕ್ತು ಕಣೇ!" ಇದ್ವಾಲ್ ಕೂಗಿದ. ಸೆನ್ಸರಿಗಿಂತ ಮೊದಲಿನ ಜೋಡಣೆಯಲ್ಲಿ ಗುಳ್ಳೆಗಳು ಬುಳುಬುಳು ಏಳುತ್ತಿದ್ದವು. ಅವನ ಆ ದನಿ ಕೇಳಿ ಎಷ್ಟು ತಿಂಗಳಾಗಿತ್ತೋ! ಮೆನ್ನಾ ಬಟ್ಟೆ ಕೈಯಲ್ಲಿ ಹಿಡಿದು ಹಿಂದುಗಡೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಕಣ್ಣು ಉರಿದದ್ದು ಹೊಗೆಗೇ ಎಂದು ತನಗೆ ತಾನೇ ಹೇಳಿಕೊಂಡಳು.

ತುಕ್ಕು ಹಿಡಿದ ಬೋಲ್ಟುಗಳು ಎಣ್ಣೆ ಕುಡಿದರೂ ಜಗ್ಗಲಿಲ್ಲ. ಗ್ಲೆನಿಸ್ ಬಂದಳು, ಟಗರುಗಳನ್ನು ಮಗುಚಿ ಕೆಡವುವ ತೋಳು ಅವಳದು. ಒಂದೇ ಎಳೆತಕ್ಕೆ ಬೋಲ್ಟು ಕಿರ್ರೆಂದಿತು.

"ಮೆಲ್ಲಗೆ ಮಾರಾಯ್ತಿ, ಕಾರು ನಮಗೆ ಇನ್ನೂ ಬೇಕು" ಅಂದ ಇದ್ವಾಲ್.

"ಓಹೋ, ನಿಂಗೆ ಮಾತು ಬರುತ್ತಾ? ನನ್ನ ವ್ಯಾನಲ್ಲಿ ಇಷ್ಟು ದಿನ ಮೂಕನ ಹಾಗೆ ಬಂದೆಯಲ್ಲೋ!"

ಜೋಡಣೆ ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ಅರ್ಧ ಸುಟ್ಟು ಪುಡಿಯಾಗಿತ್ತು. ಅಂಗೈಯಗಲದ ಹೊಸದೊಂದನ್ನು ಮೆನ್ನಾ ತಾನೇ ಕೂರಿಸಿ, ಅವನು ಹೇಳಿದ ಹಾಗೆ ಎರಡೂ ಕಡೆಯ ಬೋಲ್ಟುಗಳನ್ನು ಸಮನಾಗಿ ಬಿಗಿದಳು. ಮುಂದಿನ ವಾರ ಮರುತಪಾಸಣೆಗೆ ಗಂಡ ಹೆಂಡತಿ ಇಬ್ಬರೂ ಕೂಡಿ ಹೋದರು. ಹೊಗೆ ಶುದ್ಧವಾಗಿತ್ತು, ಕಾರು ಪಾಸಾಯಿತು.

"ಯಾರು ರಿಪೇರಿ ಮಾಡಿದ್ದು?" ಎಂದು ತಪಾಸಣೆಯವನು ಕೇಳಿದ.

ಮೆನ್ನಾ ಗಂಡನ ಕಡೆ ಕೈ ತೋರಿಸುವಷ್ಟರಲ್ಲಿ ಇದ್ವಾಲ್, "ಇವಳೇ. ನಾನು ಬರೀ ಬಾಯಿ" ಅಂದ.

ಮನೆಗೆ ಮರಳುವಾಗ ಕೆರೆಯ ದಂಡೆಯಲ್ಲಿ ಸ್ವಲ್ಪ ನಿಲ್ಲಿಸು ಎಂದ. ನೀರು ತಣ್ಣಗೆ ಹೊಳೆಯುತ್ತಿತ್ತು. ಅವಳು ತಂದಿದ್ದ ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟಳು. ಸಣ್ಣ ತುಂಡು ಸಾಕು ಎನ್ನುತ್ತಿದ್ದವನು ಪೂರ್ತಿ ತಿಂದ. ತಿಂದು ಮುಗಿಸಿ, ಮಸಿ ಇನ್ನೂ ಹೋಗಿರದ ಅವಳ ಬೆರಳುಗಳನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡ.

"ನಾಳೆ ಆಸ್ಪತ್ರೆಗೆ ಹೋಗ್ಬೇಕಲ್ಲ," ಅಂದ, "ಸ್ವಲ್ಪ ಬೇಗ ಹೊರಡೋಣ. ಕೆರೆ ದಾರೀಲೇ ಹೋಗೋಣ."

"ಆಗ್ಲಿ" ಅಂದಳು ಮೆನ್ನಾ. ಉಳಿದ ಬ್ರೆಡ್ಡು ಕಟ್ಟಿಟ್ಟು ಕಾರು ಸ್ಟಾರ್ಟ್ ಮಾಡಿದಳು.