ಬಂದರಿನ ದೂರು

ಹಿತ್ತಲ ಗಿಡ ಮದ್ದಲ್ಲ ಎನ್ನುವವರ ನಡುವೆ ಜಿತೇಶ ತನ್ನ ಹಿತ್ತಲನ್ನೇ ಒಂದು ಲೋಕ ಮಾಡಿದ್ದ. ದುಬೈಯಿಂದ ಚಿಕ್ಕಪ್ಪ ತಂದ ಆಟದ ಪುಸ್ತಕದಲ್ಲಿದ್ದ ಡ್ರ್ಯಾಗನ್, ಕೋಟೆಗಳನ್ನು ತೆಗೆದುಹಾಕಿ, ತನ್ನೂರು ನರಿಕೊಂಬಿನ ಹೊಳೆಯನ್ನೂ ಊರು ಕಾಯುವ ದೈವವನ್ನೂ ತುಂಬಿದ್ದ. ಆಟ ಸರಳ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ವೀರರು, ಗೆಲುವು ಸೋಲು ದಾಳದ ಕೈಯಲ್ಲಿ.

ಎರಡು ಸಾವಿರದ ನಾಲ್ಕನೇ ಇಸವಿ. ಮೂಡುಬಿದಿರೆಯ ಕಾಲೇಜು ಕ್ಯಾಂಟೀನಿನಲ್ಲಿ ಶನಿವಾರ ಆಡಲು ಬರುತ್ತಿದ್ದವರು ಇಬ್ಬರೇ: ಬೆಳ್ತಂಗಡಿಯ ಸಾತ್ವಿಕಾ, ಸಿದ್ಧಕಟ್ಟೆಯ ಶಾಫಿ. ಹೋದ ವಾರ ಆಟದಲ್ಲಿ ವೀರರು ಒಂದು ಬಂದರನ್ನು ದೋಚಿದಂದಿನಿಂದ ಶಾಫಿ ಸಪ್ಪಗಿದ್ದ. ಇವತ್ತೇ ಕೊನೆ, ಇನ್ನು ಬರುವುದಿಲ್ಲ ಎಂದಿದ್ದ. ಗೆಳೆಯನೇ ಕೈತಪ್ಪುತ್ತಾನೆಂದು ಜಿತೇಶನಿಗೆ ಒಳಗೊಳಗೇ ಹೆದರಿಕೆ.

"ಗುಡ್ಡದ ಮೇಲೆ ದೈವ ನಿಂತಿದೆ. ಪ್ರಾಣಬಲ ನೂರಿಪ್ಪತ್ತು. ಹೊಡೆಯಿರಿ," ಎಂದ ಕಥೆಗಾರ ಜಿತೇಶ.

ಸಾತ್ವಿಕಾ ಮೇಜಿನಡಿ ಚಪ್ಪಲಿ ಕಳಚಿದಳು. "ದೈವಕ್ಕೆ ಹೊಡೆಯುವುದು ಉಂಟಾ? ನಿನ್ನ ತಲೆ ಸಮ ಉಂಟಾ ಮಾರಾಯ?"

ಎದುರು ನಿಂತದ್ದನ್ನು ಕೊಲ್ಲಬೇಕೆಂಬುದು ಪುಸ್ತಕದ ನಿಯಮ. ಆದರೆ ಚಿಕ್ಕಂದಿನಿಂದ ದೈವ ಕುಣಿಯುವ ನೇಮ ನೋಡಿದವರ ಕೈ ದಾಳ ಎತ್ತೀತೇ? ದೈವದೆದುರು ದೂರು ಹೇಳುತ್ತಾರೆ, ನುಡಿ ಕೇಳುತ್ತಾರೆ. ಶಾಫಿಯ ಅಜ್ಜನೂ ಹಿಂದೊಮ್ಮೆ ಜಾಗದ ತಕರಾರು ಹಿಡಿದು ಹಾಗೆ ನಿಂತವರೇ.

ಶಾಫಿ ಎದ್ದು ನಿಂತ. "ನನ್ನದೊಂದು ದೂರು ಉಂಟು. ಈ ಲೋಕದಲ್ಲಿ ಬಂದರಿನವರೆಲ್ಲ ಕಳ್ಳರು. ಅವರ ಟೊಪ್ಪಿ ನಮ್ಮದು, ಮಾತು ನಮ್ಮದು. ಹಾಗೆ ಮಾಡಿದ್ದು ಯಾರು?"

ಬರೀ ಆಟ ಎಂದು ಜಿತೇಶ ಜಾರಿಕೊಳ್ಳಬಹುದಿತ್ತು. ಆದರೆ ಈಗ ಅವನು ದೈವದ ಬಾಯಿ. ದೂರು ಕೇಳಿದ ದೈವ ಮುಖ ತಿರುಗಿಸುವುದಿಲ್ಲ. ಕಥೆಗೆ ಕಳ್ಳರು ಬೇಕಿತ್ತು, ಕೈಗೆ ಸಿಕ್ಕ ಟೊಪ್ಪಿ ತೊಡಿಸಿದ್ದ. ಯೋಚಿಸಿಯೇ ಇರಲಿಲ್ಲವೆಂಬುದಕ್ಕೇ ಅವನಿಗೆ ನಾಚಿಕೆಯಾಯಿತು.

"ತಪ್ಪು ಈ ಲೋಕ ಕಟ್ಟಿದವನದು," ಎಂದ. "ಪರಿಹಾರ ಏನಾಗಬೇಕು?"

"ನನ್ನ ಅಜ್ಜಿ ಬೀಯಮ್ಮನ ಕೈಯ ಅಕ್ಕಿರೊಟ್ಟಿ ಎಷ್ಟು ಸಲ ತಿಂದಿದ್ದಿ ನೀನು! ನಿನ್ನ ಬಂದರಿನಲ್ಲಿ ಒಂದು ಅಡುಗೆಮನೆಯೂ ಇಲ್ಲವಲ್ಲ ಮಾರಾಯ."

ಜಿತೇಶ ಕಥೆಗಾರನ ಕುರ್ಚಿಯಿಂದ ಎದ್ದು ಅದನ್ನು ಶಾಫಿಯತ್ತ ತಳ್ಳಿದ. "ಬಂದರು ನೀನು ಹೇಳು. ನಾನು ವೀರನಾಗಿ ಬರುತ್ತೇನೆ."

ಶಾಫಿ ಕುರ್ಚಿ ಎಳೆದುಕೊಂಡು ಕೂತ.

"ನೀನು ಒಂದು ಬಾಗಿಲು ತಟ್ಟಿದಿ. ತೆಗೆದದ್ದು ಒಬ್ಬಳು ಮುದುಕಿ. ಹೋದ ವಾರ ದೋಚಿದ ಮನೆ ಅವಳದ್ದೇ. ಒಲೆಯಲ್ಲಿ ಬೆಂಕಿ ಉಂಟು, ಬೇಯಿಸಲಿಕ್ಕೆ ಏನೂ ಇಲ್ಲ. ನಿನ್ನ ಮುಖ ನೋಡ್ತಿದ್ದಾಳೆ. ಎಂಥ ಹೇಳ್ತಿ?"