ಪದವಿ ಪಡೆದ ಇಸವಿ

ಮಾಸ್ಕೋದಿಂದ ಉತ್ತರ ಬಂದಾಗ ಹರಿಶ್ಚಂದ್ರ ಶೆಟ್ಟರು ಅಮೆರಿಕದ ಫ್ರೀಮಾಂಟಿನ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಸನ್ಮಾನದ ಶಾಲಿಗೆ ಇಸ್ತ್ರಿ ಹಾಕುತ್ತಿದ್ದರು. ಒಂದೇ ಸಾಲು: ಗಲೀನಾ ಒರ್ಲೋವಾ ಎಂಬ ವಿದ್ಯಾರ್ಥಿನಿ ನಮ್ಮ ಸಂಗೀತ ವಿದ್ಯಾಲಯದ ದಾಖಲೆಗಳಲ್ಲಿ ಇಲ್ಲ.

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ನಮ್ಮವರ ಎಷ್ಟೋ ಮಕ್ಕಳಿಗೆ ಪಿಯಾನೋ ಕಲಿಸಿದ, ಮಾಸ್ಕೋ ವಿದ್ಯಾಲಯದಲ್ಲಿ ಓದಿದವರೆಂದು ಹೆಸರಾದ ಗಲೀನಾ ಮೇಡಮ್ಮಿಗೆ ರಾಜ್ಯೋತ್ಸವದಲ್ಲಿ ಸನ್ಮಾನ ಮಾಡುವುದೆಂದು ಕನ್ನಡ ಕೂಟ ನಿಶ್ಚಯಿಸಿತ್ತು. ಸನ್ಮಾನವೆಂದ ಮೇಲೆ ಪತ್ರ, ಪತ್ರವೆಂದ ಮೇಲೆ ಪದವಿ ಪಡೆದ ಇಸವಿ ಬೇಡವೇ? ಅದನ್ನು ಬರೆಯುವ ಹೊಣೆ ಶೆಟ್ಟರದು.

"ಅಂಕಲ್, ಸುಮ್ನೆ ಎರಡು ಲೈನು ಗೀಚ್ಬಿಡಿ. ಯಾರು ಚೆಕ್ ಮಾಡ್ತಾರೆ?" ಎಂದಿದ್ದ ಕಾರ್ಯದರ್ಶಿ ಸಂಪತ್.

"ಹಾಗೆಲ್ಲ ಆಗುದಿಲ್ಲ ಮಾರಾಯ. ಸ್ಟೇಜಲ್ಲಿ ತಪ್ಪು ಓದಿದ್ರೆ ಮರ್ಯಾದೆ ಉಂಟಾ?" ಎಂದ ಶೆಟ್ಟರು, ಬಾಯಿಮಾತು ಬೇಡ, ದಾಖಲೆಯೇ ಇರಲಿ ಎಂದು ನೇರ ಮಾಸ್ಕೋಗೇ ಬರೆದಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಶೆಟ್ಟರ ವಾರದಲ್ಲಿ ದಿನ ಅಂತ ಇದ್ದದ್ದು ಮಂಗಳವಾರ ಒಂದೇ. ಮೇಡಂ ಮನೆಯಲ್ಲಿ ಅರ್ಧ ಗಂಟೆ ಪಿಯಾನೋ ಪಾಠ, ಆಮೇಲೆ ಚಹಾ ಕುಡಿಯುತ್ತ ಒಂದೂವರೆ ಗಂಟೆ ಮಾಸ್ಕೋ ಪುರಾಣ. ೧೮೬೬ರಲ್ಲಿ ವಿದ್ಯಾಲಯ ಶುರುವಾದದ್ದು, ಆಮೇಲೆ ಕಟ್ಟಿದ ದೊಡ್ಡ ಸಭಾಂಗಣ, ಯುದ್ಧದಲ್ಲಿ ಬಾಂಬು ಬಿದ್ದು ಪುಡಿಯಾದ ಬಣ್ಣದ ಗಾಜಿನ ಕಿಟಕಿ. ಉಳಿದ ಆರು ದಿನ ಮಾತಿಲ್ಲದ ಮನುಷ್ಯ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಂಗಳವಾರ ಚಹಾದ ಹೊತ್ತಿಗೆ, "ಮೇಡಂ, ಮಾಸ್ಕೋದವರು ಏನೋ ತಪ್ಪು ಮಾಡಿದ್ದಾರೆ. ಸರಿ ಮಾಡಿಸೋಣ," ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿದ್ದ ಉತ್ತರವನ್ನು ಮುಂದೆ ಹಿಡಿದರು.

ಮೇಡಂ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ತಪ್ಪಿಲ್ಲ. ನಾನು ಪಿಯಾನೋ ಕಲಿತದ್ದು ಊರಿನ ಶಾಲೆಯಲ್ಲಿ. ಮಾಸ್ಕೋದ ಆ ಸಭಾಂಗಣದಲ್ಲಿ ಕಛೇರಿ ಕೇಳಲು ಬಂದವರ ಕೋಟು ತೆಗೆದಿಟ್ಟು, ಹೊರಡುವಾಗ ತೊಡಿಸುತ್ತಿದ್ದೆ. ಹತ್ತೊಂಬತ್ತು ವರ್ಷ."

"ಅಯ್ಯೋ, ನನಗದು ದೊಡ್ಡ ವಿಷಯವೇ ಅಲ್ಲ. ಯಾರಿಗೂ ಹೇಳುವುದಿಲ್ಲ. ಮುಂದಿನ ಮಂಗಳವಾರ ಬರುತ್ತೇನಲ್ಲ, ಆಗ..."

"ಬೇರೆಯವರಿಗೆ ಮಾಸ್ಕೋ ಎಂಬ ಹೆಸರೇ ಸಾಕಿತ್ತು. ಕೂತು ಕೇಳಿದವರು ನೀವೊಬ್ಬರೇ," ಎಂದರು ಮೇಡಂ. "ನಿಮ್ಮ ಮುಂದೆ ನಾನು ನಿಜಕ್ಕೂ ಅಲ್ಲಿ ಓದಿದವಳಾಗಿದ್ದೆ. ಇನ್ನು ಬರಬೇಡಿ."

ಶೆಟ್ಟರಿಗೆ ಅಳುವೇ ಬಂತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡೆನಲ್ಲ ಎಂದು ತನ್ನನ್ನೇ ಬೈದುಕೊಂಡರು. ಎದ್ದರು. ಅಷ್ಟರಲ್ಲಿ ಮೇಡಂ ಬಾಗಿಲ ಬಳಿ ಹೋಗಿ, ಗೂಟದಲ್ಲಿದ್ದ ಶೆಟ್ಟರ ಜಾಕೆಟ್ಟು ತೆಗೆದು, ಎರಡೂ ಕೈಯಲ್ಲಿ ಹೆಗಲ ಕಡೆ ಹಿಡಿದು, ತೊಡಿಸಲು ಅಗಲಿಸಿಕೊಂಡು ನಿಂತಿದ್ದರು. ಎಪ್ಪತ್ತೆಂಟರ ಹೆಂಗಸು.

"ಬೇಡ ಮೇಡಂ, ದಯವಿಟ್ಟು ಬೇಡ."

ಆಕೆ ಮುಖ ನೋಡಲಿಲ್ಲ, ಕೈ ಇಳಿಸಲೂ ಇಲ್ಲ. ಶೆಟ್ಟರು ಬೆನ್ನು ತಿರುಗಿಸಿ ನಿಂತು ಒಂದು ತೋಳು ತೂರಿಸಿದರು, ಆಮೇಲೆ ಇನ್ನೊಂದು.