ವಿಡಿಯೋದ ಹಿಂದಿನ ಸದ್ದು

ಇಳಕಲ್ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಲು ಇಬ್ಬರು ಎದುರುಬದುರು ಕೂಡಬೇಕು. ನನ್ನ ಮಗ್ಗಕ್ಕೆ ಆ ಕೆಲಸಕ್ಕೆ ಬರುವವಳು ಹಿಂದಿನ ಓಣಿಯ ರೇಣವ್ವ. ಅವಳ ಮಗಳು ಭಾಗ್ಯಾ, ನನ್ನ ಮಗಳು ಪದ್ಮಶ್ರೀ, ಇಬ್ಬರೂ ಒಂಬತ್ತನೆಯ ತರಗತಿ.

ಹತ್ತು ದಿನದಿಂದ ಭಾಗ್ಯಾ ಶಾಲೆಗೆ ಹೋಗಿರಲಿಲ್ಲ. ಅವಳ ಹೆಸರಿನಲ್ಲಿ ಯಾರೋ ಸುಳ್ಳು ಖಾತೆ ತೆರೆದು, ಅವಳ ತೊದಲು ಮಾತನ್ನು ಅಣಕಿಸುವ ವಿಡಿಯೋ ಹಾಕುತ್ತಿದ್ದರು.

"ಮುಸುಕು ಹಾಕ್ಕೊಂಡು ಬಿದ್ದಿರ್ತಾಳ್ರಿ ಮಹೇಶ್ವರಿ ಅಕ್ಕಾರ. ಕರದ್ರ ಓ ಅನ್ನಂಗಿಲ್ಲ," ಎಂದಳು ರೇಣವ್ವ.

"ಯಾರ ಮಕ್ಳೋ, ಹೇಳಾವ್ರು ಕೇಳಾವ್ರು ಇಲ್ಲದಂಥಾವು. ನಮ್ಮ ಪದ್ಮಿ ಮೊಬೈಲ್ ಹಿಡದ್ರೂ ನನ್ನ ಕಣ್ಣ ಮುಂದ ಕುಂತಿರ್ತಾಳ."

"ನಿಮಗೇನ್ರಿ, ಮಗಳ್ನೂ ಮಗ್ಗಕ್ಕ ಕಟ್ಟಿ ಹಾಕೀರಿ!" ನಗುತ್ತಲೇ ಕಣ್ಣೊರೆಸಿಕೊಂಡು ರೇಣವ್ವ ಒಂದು ವಿಡಿಯೋ ಹಚ್ಚಿದಳು.

ಭಾಗ್ಯಾಳ ಫೋಟೋ. ಮೂಗು ಹಿಡಿದು ತೊದಲುವ, ಯಾರದೆಂದು ತಿಳಿಯದ ದನಿ. ಅದರ ಹಿಂದೆ ಟಕ್, ಟಕ್, ಕಿರ್ರ್. ಟಕ್, ಟಕ್, ಕಿರ್ರ್.

ನನ್ನ ಮಗ್ಗದಲ್ಲಿ ತುಳಿಯುವ ಕಾಲಹಲಗೆ ಸೀಳು ಬಿಟ್ಟಿದೆ. ಎರಡು ಏಟಿಗೊಮ್ಮೆ ಹಾಗೆ ಕಿರುಗುಟ್ಟುತ್ತದೆ. ನೇಯ್ಗೆ ನಿಂತಾಗ ಮಾತ್ರ ಬರುವ ರೇಣವ್ವನಿಗೆ ಆ ಸದ್ದು ಗೊತ್ತಿಲ್ಲ. ಆ ಮಗುವನ್ನು ಅಣಕಿಸುವಾಗ ನಾನು ಮೂರು ಮೊಳ ದೂರದಲ್ಲಿ ನೇಯುತ್ತಿದ್ದೆ.

ಕೈಯೊಳಗಿನ ಎಳೆ ಜಾರಿತು.

"ಯಾಕ್ರಿ?"

"ಏನಿಲ್ಲ," ಅಂದುಬಿಟ್ಟೆ.

ಅವಳು ಹೋದ ಮೇಲೂ ಮನೆಯಲ್ಲಿ ಆ ಸದ್ದು ಕೇಳುತ್ತಲೇ ಇತ್ತು. ಮಗ್ಗ ಮಾತ್ರ ಸುಮ್ಮನಿತ್ತು.

ಶಾಲೆಯಿಂದ ಬಂದ ಪದ್ಮಶ್ರೀಯನ್ನು ಕೇಳಿದೆ. ಅವಳು ಅಳಲಿಲ್ಲ, ಅಲ್ಲಗಳೆಯಲೂ ಇಲ್ಲ.

"ಹೋದ ವರ್ಷ ನನ್ನ ಫೋಟೋಕ್ಕ ಎಮ್ಮಿ ಮಾರಿ ಹಚ್ಚಿ ಎಲ್ಲಾರಿಗೂ ಕಳಿಸಿದ್ರು. ಭಾಗ್ಯಾನೂ ನಕ್ಕಳು. ನಿನಗ ಹೇಳಿದ್ನಲ್ಲ ಯವ್ವಾ."

"ಯಾವಾಗ?"

"ನೀ ನೇಯಾಕತ್ತಿದ್ದಿ. ಹೂಂ ಅಂದಿ."

ಎಷ್ಟು ಹುಡುಕಿದರೂ ಆ ದಿನ ನೆನಪಿಗೆ ಬರಲಿಲ್ಲ. 'ಹೂಂ' ಅಂದದ್ದು ಖರೆ ಇರಬೇಕು; ದಿನಕ್ಕೆ ನೂರು ಸಲ ಅನ್ನುತ್ತೇನೆ. ಇನ್ನೇನೇನಕ್ಕೆ ಅಂದಿದ್ದೇನೋ.

ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಪದ್ಮಶ್ರೀಯ ಕೈಯಿಂದಲೇ ಆ ಖಾತೆ ಅಳಿಸಿಹಾಕಿಸಿದೆ. ಅವಳ ಕೈ ಹಿಡಿದು ಹಿಂದಿನ ಓಣಿಗೆ ನಡೆದೆ.

"ರೇಣವ್ವಾ, ಆ ವಿಡಿಯೋ ನಮ್ಮನ್ಯಾಗ ಮಾಡಿದ್ದು. ಪದ್ಮಿ ಮಾಡ್ಯಾಳ. ನಾ ಅಲ್ಲೇ ಇದ್ದೆ."

ರೇಣವ್ವ ಬಾಗಿಲಲ್ಲೇ ನಿಂತು, ಒಳಗೆ ಮಲಗಿದ್ದ ಮಗಳ ಕಡೆ ತಿರುಗಿದಳು.

"ಭಾಗ್ಯಾ," ಎಂದು ಪದ್ಮಶ್ರೀ ಮೆಲ್ಲಗೆ ಕರೆದಳು. ಒಳಗೆ ಮುಸುಕು ಅಲುಗಿತು. ಆ ಹುಡುಗಿ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

ರೇಣವ್ವ ಒಳಗೆ ಬರ್ರಿ ಅನ್ನಲಿಲ್ಲ, ಹೋಗ್ರಿ ಅಂತಲೂ ಅನ್ನಲಿಲ್ಲ. ನಾವಿಬ್ಬರೂ ಹೊಸ್ತಿಲ ಹೊರಗೇ ನಿಂತೆವು.